ಕಣಗಲಾಕ್ಕೆ ಒಯ್ದ ಲಿಂಗ

ಕುಲಗೋಡದಿಂದ ಗೋಕಾಕಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ ಕೂಡಲು ಜಾಗ ಸಿಗಲಿಲ್ಲ. ಹೆಣ್ಣುಮಕ್ಕಳಿಗೆ ಪುಕ್ಕಟೆ ಆದಾಗಿನಿಂದ ಬಸ್ಸುಗಳು ಹೀಗೇ ತುಂಬಿ ಬರುತ್ತವೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಅದನ್ನು ಹಿಡಿಯಲು ನನಗೆ ಕೈ ಇರಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದಿದ್ದೆ, ಇನ್ನೊಂದರಲ್ಲಿ ನನ್ನ ತಮ್ಮ ಮಲ್ಲಪ್ಪನ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಬಿಳಿ ಅರಿವೆ ಸುತ್ತಿದ್ದು. ಪಕ್ಕದಲ್ಲಿ ನಿಂತವಳು ಚೀಟಿ ತೆಗೆದುಕೊಂಡು ನನ್ನ ಚೀಲಕ್ಕೆ ತುರುಕಿದಳು.

ನನ್ನ ಲಿಂಗ ನನ್ನ ಕೊರಳಲ್ಲೇ ಇತ್ತು. ಇದು ಅವನದು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡ್ರಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು ಮಣ್ಣು ಕೊಡುತ್ತೇವೆ. ಮಲ್ಲಪ್ಪನಿಗೆ ಅಂದು ತವರೂರು ಕಣಗಲಾದಲ್ಲಿ ಮಣ್ಣು. ಅದಕ್ಕೆ ಮೊದಲು ನಾನು ಅಲ್ಲಿಗೆ ಹೋಗಿ ಮುಟ್ಟಬೇಕಿತ್ತು.

ಅವನು ಪೈಪು ಜೋಡಿಸುವ ಕೆಲಸದವನು. ಸಮುದ್ರದ ನಡುವಿನ ಒಂದು ಪುಟ್ಟ ದೇಶದಲ್ಲಿ ನಮ್ಮ ಸರ್ಕಾರದ ನೆರವಿನಿಂದ ಉಪ್ಪುನೀರನ್ನು ಸಿಹಿ ಮಾಡುವ ಘಟಕ ಕಟ್ಟುತ್ತಿದ್ದರು. ಗುತ್ತಿಗೆದಾರನ ಕಡೆಯಿಂದ ಇವನೂ ಹೋದ. ಅಲ್ಲಿ ಬೇರೆ ಧರ್ಮದ ದೇವರ ಸಾಮಾನು ಒಯ್ದರೆ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆಂದು ಯಾರೋ ಹೇಳಿದ್ದರು. ಕಸಿದುಕೊಂಡರೆ ಗತಿ ಏನೆಂದು ಅಂಜಿ, ಹೋಗುವ ಮುಂಚೆ ಕುಲಗೋಡಕ್ಕೆ ಬಂದು ಲಿಂಗವನ್ನು ನನ್ನ ಕೈಗೆ ಕೊಟ್ಟ. ಹೆಂಡತಿ ಶೋಭಾಳಿಗೆ ಹೊಲದ ಕೆಲಸದಲ್ಲಿ ಪೂಜೆ ಒಮ್ಮೊಮ್ಮೆ ತಪ್ಪುತ್ತದೆ, ನೀನು ತಪ್ಪಿಸುವವಳಲ್ಲ ಎಂದ. ಅಂದಿನಿಂದ ದಿನಾ ಮುಂಜಾನೆ ಎರಡು ಲಿಂಗಕ್ಕೆ ನೀರೆರೆದು ವಿಭೂತಿ ಹಚ್ಚುತ್ತಿದ್ದೆ. ಫೋನು ಮಾಡಿದಾಗಲೆಲ್ಲ ಅವನು ಮೊದಲು ಕೇಳುವುದು ಅದನ್ನೇ. "ಸುತ್ತ ನೀರ ಐತಿ ಅಕ್ಕಾ, ಒಂದ ಗುಟಕ ಕುಡ್ಯಾಕ ಬರೂದಿಲ್ಲ. ನಮ್ಮ ಯಂತ್ರದ ಮೊದಲನೇ ನೀರ ಒಂದ ಬಾಟ್ಲಿ ತರ್ತೀನಿ, ಲಿಂಗಕ್ಕ ಎರಿಯಾಕ" ಅಂದಿದ್ದ.

ಅವನು ತೀರಿಕೊಂಡ ಸುದ್ದಿ ಬಂದ ದಿನವೇ ಕಣಗಲಾಕ್ಕೆ ಹೋಗಿದ್ದೆ. ಎರಡೂ ದೇಶಗಳ ಕಾಗದಪತ್ರ ಮುಗಿಯಬೇಕು, ಹೆಣದ ಪೆಟ್ಟಿಗೆ ಯಾವಾಗ ಬರುವುದೋ ಹೇಳಲಾಗದು ಎಂದರು. ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದರಿಂದ ತಿರುಗಿ ಬಂದೆ. ಆಮೇಲೆ ಒಮ್ಮೆಲೇ ಬೆಂಗಳೂರಿಗೆ ಬಂತೆಂದು ತಿಳಿದು ನಮ್ಮ ಯಜಮಾನರು ತರಲು ಹೋದರು. ನಾನು ಹೊರಟ ದಿನ ನಸುಕಿನಲ್ಲಿ ದಾರಿಯಿಂದ ಫೋನು ಮಾಡಿ, ಪೆಟ್ಟಿಗೆ ಮುಟ್ಟಿದ ಕೂಡಲೇ ಮಣ್ಣು ಮಾಡಬೇಕೆಂದು ಹಿರಿಯರು ಹೇಳಿದ್ದಾರೆ, ಬಹಳ ದಿನ ಆಗಿದೆ, ನಿನಗಾಗಿ ಹೆಚ್ಚು ತಡೆಯಲಾಗದು ಎಂದರು.

ಗೋಕಾಕದ ನಿಲ್ದಾಣದಲ್ಲಿ ಹುಕ್ಕೇರಿ ಮೇಲೆ ಸಂಕೇಶ್ವರಕ್ಕೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ಶಿವನ ದಯೆ. ಅದರಲ್ಲೂ ಜಾಗವಿರಲಿಲ್ಲ. ಘಟಪ್ರಭಾ ದಾಟಿ ಸ್ವಲ್ಪ ದೂರದಲ್ಲಿ ಕಬ್ಬಿನ ಟ್ರೇಲರ್ ಒಂದು ರಸ್ತೆಗೆ ಅಡ್ಡ ಉರುಳಿತ್ತು. ಬಸ್ಸು ನಿಂತಿತು. ಗಂಡಸರು ಇಳಿದು ಕಬ್ಬು ಸರಿಸುವವರ ಕಡೆ ಹೋದರು, ಕೆಲವರು ಕಬ್ಬು ಮುರಿದುಕೊಂಡು ತಿರುಗಿ ಬಂದರು. ಬಿಸಿಲೇರಿತು. ಮಣ್ಣಾಗುವ ತನಕ ಬಾಯಿಗೆ ಏನೂ ಹಾಕುವಂತಿರಲಿಲ್ಲ.

ಕಿಟಕಿಯ ಬದಿಗೆ ಕೂತಿದ್ದ ಜೈನರ ಹೆಂಗಸೊಬ್ಬಳು ಎದ್ದು ನಿಂತಳು. ನನಗಿಂತ ಹಿರಿಯಳೇ. "ಬರ್ರಿ, ಇಲ್ಲಿ ಕೂಡ್ರಿ. ದೇವರನ್ನ ಹಿಡ್ಕೊಂಡ ಎಷ್ಟೊತ್ತ ಜೋಲಿ ಹೊಡೀತೀರಿ" ಎಂದಳು. ಕೂತೆ. ಎಲ್ಲಿಗೆಂದು ಕೇಳಿದಳು, ತಮ್ಮನ ಕತೆ ಹೇಳಿದೆ. ನೀರಿನ ಯಂತ್ರ ಕಟ್ಟಿಸಿ ಕೊಟ್ಟ ದ್ವೀಪದಲ್ಲಿ ದವಾಖಾನೆ ಇರಲಿಲ್ಲವೇ ಎಂದಳು.

ಇತ್ತು. ಅದು ದೊಡ್ಡ ದ್ವೀಪದಲ್ಲಿ. ಕಟ್ಟಡ ಒಂದು ದೇಶ ಕಟ್ಟಿಸಿ ಕೊಟ್ಟದ್ದು. ರೋಗಿಗಳನ್ನು ಅಲ್ಲಿಗೆ ಒಯ್ಯುವ ದೋಣಿ ನೆರೆಯ ಇನ್ನೊಂದು ದೇಶದ್ದು. ನೀರಿನ ಯಂತ್ರ ನಮ್ಮದು. ಮಲ್ಲಪ್ಪನಿಗೆ ಎದೆ ಹಿಡಿದ ದಿನ ಆ ದೋಣಿ ದಂಡೆಯಲ್ಲೇ ಕಟ್ಟಿತ್ತು. ಎಂಜಿನ್ನಿನ ಒಂದು ಭಾಗ ಕೆಟ್ಟು ತಿಂಗಳುಗಳಾಗಿದ್ದವಂತೆ. ಅದು ದೋಣಿ ಕೊಟ್ಟ ದೇಶದಿಂದಲೇ ಬರಬೇಕಂತೆ. ಕಡೆಗೆ ಮೀನುಗಾರರು ತಮ್ಮ ದೋಣಿಯಲ್ಲಿ ಹಾಕಿಕೊಂಡು ಹೊರಟರು. ಎದುರುಗಾಳಿ. ದೊಡ್ಡ ದ್ವೀಪ ಕಾಣುವ ಹೊತ್ತಿಗೆ ಅವನ ಉಸಿರು ನಿಂತಿತ್ತು.

"ನಮ್ಮೂರ ಬೋರ್ ಹಂಗ ಐತ್ರಿ" ಎಂದಳು. "ಕಲ್ಲಿನ ಮ್ಯಾಲ ಕೊಟ್ಟವ್ರ ಹೆಸರ ಐತಿ, ನಳದಾಗ ನೀರಿಲ್ಲ. ಕೊಡಾವ್ರು ಮಂದಿ ಇದ್ದಾರ. ಆಮ್ಯಾಲ ನೋಡ್ಕೊಳ್ಳಾವ್ರು ಯಾರ್ರಿ?"

ಹುಕ್ಕೇರಿಯಲ್ಲಿ ಆಕೆ ಇಳಿದಳು. ಅಲ್ಲಿಯವರೆಗೂ ನಿಂತೇ ಬಂದಳು. ಹೆಸರು ಕೇಳಲು ನನಗೆ ನೆನಪಾಗಲಿಲ್ಲ.

ಸಂಕೇಶ್ವರದಲ್ಲಿ ಇಳಿದಾಗ ಮಧ್ಯಾಹ್ನ ಸರಿದಿತ್ತು. ಯಜಮಾನರಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಎಲ್ಲ ಮುಗಿದಿದೆ ಅಂದುಕೊಂಡೆ. ಕಣಗಲಾಕ್ಕೆ ಟೆಂಪೋ ಸಿಕ್ಕಿತು. ಹೆದ್ದಾರಿಯಲ್ಲಿ ದೊಡ್ಡ ದೊಡ್ಡ ಲಾರಿಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಲಿಂಗವನ್ನು ಎದೆಗೆ ಹಿಡಿದು ಪಂಚಾಕ್ಷರಿ ಹೇಳಿಕೊಂಡೆ. ತಡವಾದರೆ ಅದನ್ನು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ರುದ್ರಭೂಮಿಯಲ್ಲಿ ಜನ ಇನ್ನೂ ನಿಂತಿದ್ದರು. ಗುದ್ದಲಿಯ ಸಪ್ಪಳ ಕೇಳಿತು. ನಮ್ಮವರು ಪದ್ಧತಿಯಂತೆ ಕೂಡ್ರಿಸುವ ಕುಣಿ ತೋಡಿಟ್ಟಿದ್ದರು, ಚೌಕನಾಗಿ, ಆಳವಾಗಿ. ಬಂದದ್ದು ಆಳುದ್ದದ ಪೆಟ್ಟಿಗೆ. ಅದು ಇಳಿಯಲಿಲ್ಲ. ಹೆಣ ಪೆಟ್ಟಿಗೆಯಲ್ಲಿ ಮಲಗಿ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ತೋಡುವಾಗ ಒಬ್ಬರಿಗೂ ಹೊಳೆಯಲಿಲ್ಲ. ಈಗ ಬಿಸಿಲಲ್ಲಿ ಕುಣಿಯನ್ನು ಉದ್ದಕ್ಕೆ ಅಗಿಯುತ್ತಿದ್ದರು. ಆ ತಪ್ಪಿನಿಂದಲೇ ನಾನು ಹೊತ್ತಿಗೆ ಮುಟ್ಟಿದೆ. ಇದನ್ನೂ ಶಿವನ ಕರುಣೆ ಎಂದೇ ಎಣಿಸಿದೆ.

ಶೋಭಾ ನನ್ನನ್ನು ನೋಡಿ ಅಳಲಿಲ್ಲ. ನನ್ನ ಕೈ ನೋಡಿದಳು. "ತಂದ್ಯಾ ಅಕ್ಕಾ" ಎಂದಳು ಅಷ್ಟೇ.

ಕುಣಿ ಉದ್ದವಾದ ಮೇಲೆ ಪೆಟ್ಟಿಗೆ ಇಳಿಸಿದರು. ಅದನ್ನು ತೆರೆಯಬಾರದೆಂದು ಸೀಲು ಹಾಕಿ ಕಳಿಸಿದ್ದರು. ಮಣ್ಣಿನ ಕಾರ್ಯ ಮಾಡಿಸುವ ಅಯ್ಯನವರು ನನ್ನ ಕಡೆ ತಿರುಗಿ, "ಕೈಯಾಗ ಇಡಾಕ ಬರೂದಿಲ್ಲ ತಂಗಿ. ಮ್ಯಾಲ ಎಲ್ಲ್ಯರ ಇಡು. ಶಿವಾ ಒಪ್ಪಕೊಂತಾನ" ಎಂದರು. ನನಗೆ ಮನಸ್ಸೊಪ್ಪಲಿಲ್ಲ. ಅಷ್ಟು ದೂರ ಅಂಗೈಯಲ್ಲಿ ತಂದದ್ದು ಎಲ್ಲಿಯಾದರೂ ಇಡಲಿಕ್ಕಲ್ಲ.

ಪೆಟ್ಟಿಗೆಯ ಸಂಗಡ ದಸ್ತಗೀರ ಬಂದಿದ್ದ. ಕಣಗಲಾದವನೇ, ವೆಲ್ಡರ್, ದ್ವೀಪದಲ್ಲಿ ತಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದವನು. ಬೆನ್ನಿನ ಚೀಲದಿಂದ ನೀರಿನ ಬಾಟ್ಲಿ ತೆಗೆದು ನನಗೆ ಕೊಟ್ಟ. ಮಲ್ಲಪ್ಪ ಹೋದ ಮೇಲೆ ಯಂತ್ರ ಶುರುವಾಯಿತಂತೆ. ಅದರ ಮೊದಲ ನೀರನ್ನು ಆ ಮೀನುಗಾರರೇ ತುಂಬಿ ಕಳಿಸಿದ್ದರು. ಲಿಂಗಕ್ಕೆ ಅದೇ ನೀರು ಎರೆದೆ. ವಿಭೂತಿ ಹಚ್ಚಿದೆ. ಆಮೇಲೆ ದಸ್ತಗೀರನನ್ನು ಕೇಳಿದೆ, "ಎಡಗೈ ಯಾವ ಕಡಿ ಬರತೈತೋ ತಮ್ಮಾ?"

ಅವನು ಕುಣಿಗೆ ಇಳಿದು, ಪೆಟ್ಟಿಗೆಯ ಮೇಲೆ ತನ್ನ ಅಂಗೈ ಇಟ್ಟು ತೋರಿಸಿದ.

"ಇಲ್ಲಿ, ಅಕ್ಕಾರ. ನಾನ ಮಲಗಿಸೇನಿ. ಮುಷ್ಟಿ ಕಟ್ಟಿತ್ತು. ನಿಮ್ಮಾಗ ಕೈಯಾಗ ಇಡತಾರಂತ ಗೊತ್ತಿತ್ತು. ಬಿಡಿಸಿ ಇಟ್ಟೇನಿ."

ನಾನೂ ಇಳಿದು, ದಸ್ತಗೀರನ ಕೈ ಇದ್ದಲ್ಲೇ ಲಿಂಗ ಇಟ್ಟೆ. ಮೇಲೆ ಬಿಲ್ವಪತ್ರೆ ಹಾಕಿದೆ. ಮೊದಲ ಮಣ್ಣು ಅಲ್ಲಿ ಬೀಳದಂತೆ ಅಯ್ಯನವರು ಎರಡೂ ಕೈ ಅಡ್ಡ ಹಿಡಿದರು.

ಮೂರನೆಯ ದಿನದ ಕಾರ್ಯ ಮುಗಿಸಿ ಹೊರಟೆ. ಖಾಲಿ ಕರಡಿಗೆಯನ್ನು ಶೋಭಾಳಿಗೆ ಕೊಟ್ಟೆ. ಗೋಕಾಕದಲ್ಲಿ ಕುಲಗೋಡದ ಬಸ್ಸು ಹತ್ತಿದಾಗ ಮತ್ತೆ ಕೂಡಲು ಜಾಗವಿರಲಿಲ್ಲ. ನಾಗನೂರಿನ ತಿರುವಿನಲ್ಲಿ ಬಸ್ಸು ಜೋರಾಗಿ ವಾಲಿತು. ನನ್ನ ಎಡಗೈ ಲಿಂಗ ಹಿಡಿದಾಗಿನಂತೆಯೇ ಎದೆಯ ಹತ್ತಿರ ಮಡಚಿಕೊಂಡಿತ್ತು. ಪಕ್ಕದವಳು, "ಎರಡೂ ಕೈಲೆ ಹಿಡ್ಕೋರಿ, ಬೀಳ್ತೀರಿ" ಎಂದಳು. ಹಿಡಿದುಕೊಂಡೆ.