ತಕರಾರಮ್ಮನ ಮೂರು ಸಾಲು

ನನ್ನ ಅಕ್ಕನ ಮಗಳಿಗೆ ಮನೆಯವರು ಇಟ್ಟ ಅಡ್ಡಹೆಸರು ತಕರಾರಮ್ಮ. ವಯಸ್ಸು ಹದಿನೇಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವಳ ಕೆಲಸ. ಉಜ್ಜಿದ ಗಾಜನ್ನು ಒರೆಸಿ, ದೀಪಕ್ಕೆ ಹಿಡಿದು, ಕೂದಲೆಳೆಯಷ್ಟು ಗೀರು ಕಂಡರೂ ಪಕ್ಕಕ್ಕಿಡುತ್ತಾಳೆ. ಮಾಲೀಕ ಬೈದರೂ ಜಗ್ಗುವುದಿಲ್ಲ. ಇಂಥವಳು ದೇವರ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾಳೆಂದು ನಮ್ಮವರು ತಿಳಿದಿದ್ದರಲ್ಲ, ಅವರ ಬುದ್ಧಿಗೆ ಏನೆನ್ನಲಿ!

ಈ ವರ್ಷ ಅವಳಿಗೆ ದೃಢೀಕರಣ ಸಂಸ್ಕಾರ. ಜ್ಞಾನಸ್ನಾನದ ದಿನ ಕೂಸಿನ ಪರವಾಗಿ ದೊಡ್ಡವರು "ನಂಬುತ್ತೇವೆ" ಎಂದಿದ್ದನ್ನು ಈಗ ಬಿಷಪರ ಮುಂದೆ ಅವಳೇ ಹೇಳಬೇಕು. ಅದಕ್ಕೆ ಮೊದಲು, ಈ ಸಂಸ್ಕಾರ ತನಗೇಕೆ ಬೇಕೆಂದು ಪ್ರತಿಯೊಬ್ಬರೂ ಸ್ವಂತ ಕೈಯಲ್ಲಿ ಬಿಷಪರಿಗೆ ಕಾಗದ ಬರೆಯುವುದು ನಮ್ಮ ಚರ್ಚಿನ ಪದ್ಧತಿ. ಕೈಯೇನೋ ಸ್ವಂತದ್ದೇ, ತಲೆ ಯಾರಿಗೆ ಬೇಕು? ಧರ್ಮಪಾಠ ಹೇಳುವ ಉಪದೇಶಿ ಮೂವತ್ತು ವರ್ಷದಿಂದ ಒಂದೇ ಕಾಗದವನ್ನು ಬೋರ್ಡಿನ ಮೇಲೆ ಬರೆಯುತ್ತಾನೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ತಕರಾರಮ್ಮ ಮಾತ್ರ ಮೂರು ಸಾಲು ಬರೆದಳು: "ನನಗೆ ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ಪ್ರಾರ್ಥಿಸುವಾಗ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅನ್ನಿಸುವುದಿಲ್ಲ. ಇಂಥವಳು ಬರಬಹುದೇ?"

ಅಕ್ಕ ರಂಪ ಎಬ್ಬಿಸಿದಳು. "ಎಲ್ಲರ ಹಾಗೆ ಬರ್ದು ಕೊಟ್ರೆ ನಿನ್ನ ಗಂಟೇನು ಹೋಗತ್ತೆ? ಅವತ್ತು ಸಾಲಲ್ಲಿ ನಿಲ್ಲಲಿಲ್ಲ ಅಂದ್ರೆ ನನ್ನನ್ನ ಅಮ್ಮ ಅಂತ ಕರೀಬೇಡ!"

"ಸುಳ್ಳು ಬರೀಲಾ ಅಮ್ಮ?"

"ಸುಳ್ಳಲ್ಲ ಕಣೆ, ಪದ್ಧತಿ!"

ಈ ಮಾತಿಗೆ ಚೌಕಟ್ಟು ಹಾಕಿಸಿ ಚರ್ಚಿನ ಬಾಗಿಲಿಗೇ ತೂಗುಹಾಕಬಹುದು.

ಸಂಸ್ಕಾರದ ಹೊತ್ತಿಗೆ ಹುಡುಗಿಯ ಭುಜದ ಮೇಲೆ ಕೈಯಿಟ್ಟು, ಅವಳ ನಂಬಿಕೆಗೆ ಜಾಮೀನಾಗಿ ಒಬ್ಬ ದೊಡ್ಡವರು ನಿಲ್ಲಬೇಕು. ಅಕ್ಕ ಆರಿಸಿದ್ದು ನನ್ನನ್ನು. ನನ್ನ ಭಕ್ತಿ ಕಂಡಲ್ಲ, ನನ್ನ ಹತ್ತಿರ ಒಳ್ಳೆಯ ಕೋಟಿದೆಯೆಂದು.

ಕಾಗದಗಳ ಕಟ್ಟು ನಕಲಿಗೆಂದು ನನ್ನ ಜೆರಾಕ್ಸ್ ಅಂಗಡಿಗೇ ಬಂತು. ಎಲ್ಲರದೂ ಒಂದೇ ಕಾರಣವೇ ಎಂದು ಈ ಸಲ ಹೊಸ ಪಾದ್ರಿಗಳು ಗದರಿದ್ದರಿಂದ ಉಪದೇಶಿ ಬೋರ್ಡಿನ ಕಾಗದದ ನಡುವಿನ ಕಾರಣ ಅಳಿಸಿ, ಅಲ್ಲಿ "ಇಲ್ಲಿ ನಿಮ್ಮ ಕಾರಣ ಬರೆಯಿರಿ" ಎಂದು ಸೂಚನೆ ಸೇರಿಸಿದ್ದನಂತೆ. ಇಪ್ಪತ್ತೆರಡು ಪುಣ್ಯಾತ್ಮರು ಅದನ್ನೂ ಚಾಚೂ ತಪ್ಪದೆ ಇಳಿಸಿದ್ದರು! "ಪೂಜ್ಯರೇ, ನಾನು ದೃಢೀಕರಣ ಬಯಸುತ್ತೇನೆ. ಏಕೆಂದರೆ ಇಲ್ಲಿ ನಿಮ್ಮ ಕಾರಣ ಬರೆಯಿರಿ." ತಳದಲ್ಲಿ ತಕರಾರಮ್ಮನ ಮೂರು ಸಾಲೂ ಇತ್ತು. ಉಪದೇಶಿ ಒಂದನ್ನೂ ಓದದೆ ಎಲ್ಲಕ್ಕೂ ಸಹಿ ಜಡಿದಿದ್ದ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಯಾರಿಗೂ ಹೇಳಲಿಲ್ಲ. ಆಗಲಿ ಉಪದೇಶಿಗೆ ಮರ್ಯಾದೆ, ನೋಡೋಣ ಎಂದು ಕಟ್ಟಿ ಕಳಿಸಿದೆ.

ಸಂಸ್ಕಾರದ ದಿನ ಪೂಜೆಗೆ ಮುಂಚೆ ಬಿಷಪರು ಮಕ್ಕಳೂ ಮನೆಯವರೂ ಸೇರಿದ್ದ ಚರ್ಚಿನ ಪಕ್ಕದ ಸಭಾಕೋಣೆಗೆ ಬಂದರು. ಕೈಯಲ್ಲಿ ಅದೇ ಕಟ್ಟು.

"ಇಪ್ಪತ್ತೆರಡು ಜನ ನನ್ನ ಕಾರಣ ಕೇಳಿದೀರಿ. ಆಮೇಲೆ ಹೇಳ್ತೀನಿ," ಎಂದರು. ಉಪದೇಶಿಯ ಮುಖ ಇಂಗು ತಿಂದ ಮಂಗನಂತಾಯಿತು. "ಕಾಗದ ಬರೆದವಳು ಒಬ್ಬಳೇ. ಯಾರಮ್ಮ ಅದು?"

ತಕರಾರಮ್ಮ ಎದ್ದು ನಿಂತಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸಂದೇಹ ಇದ್ದೋರು ಬರಬಾರದು ಅಂತೇನಿಲ್ಲ. ಬೇಕು ಅಂತ ಮನಸ್ಸಿದ್ರೆ ಬಾ. ಬೇರೆಯವರಿಗೋಸ್ಕರ ಬರಬೇಡ. ಕಾಯ್ತೀನಿ ಅಂದ್ರೆ ನಾನೂ ಕಾಯ್ತೀನಿ. ನಿನಗೆ ಜಾಮೀನು ನಿಲ್ಲೋರನ್ನ ಒಂದ್ಮಾತು ಕೇಳ್ಕೋ."

ಅವಳು ನನ್ನ ಕಡೆ ತಿರುಗಿದಳು. "ಮಾವ, ನೀವು ನಂಬ್ತೀರಾ?"

ಊರಿನವರಿಗೆಲ್ಲ ಒಂದೊಂದು ಕೊಂಕು ಸಿದ್ಧವಿಟ್ಟುಕೊಂಡವನು ನಾನು. ಆಗ ಬಾಯಿಗೆ ಬಂದದ್ದು ಇಷ್ಟೇ: "ಎಲ್ಲರ ಹಾಗೆ ಕಣಮ್ಮ."

ಅವಳು ನನ್ನನ್ನು ನೋಡಿದಳು, ಗಾಜನ್ನು ದೀಪಕ್ಕೆ ಹಿಡಿದು ನೋಡುವ ಹಾಗೆ. "ನಾನು ಕಾಯ್ತೀನಿ," ಎಂದು ಬಿಷಪರಿಗೆ ಹೇಳಿ, ಹೋಗಿ ಅಮ್ಮನ ಪಕ್ಕ ನಿಂತಳು. ಅಕ್ಕ ಮುಖ ತಿರುಗಿಸಿದಳು, ಆದರೆ ಸರಿದು ಜಾಗ ಕೊಟ್ಟಳು.

ಇಪ್ಪತ್ತೆರಡು ಮಂದಿ ಸಾಲಾಗಿ ಚರ್ಚಿನೊಳಗೆ ಹೋದರು. ನಾನು ಒಳ್ಳೆಯ ಕೋಟು ತೊಟ್ಟು ಗೋಡೆಗೊರಗಿ ನಿಂತಿದ್ದೆ. ನಾಚಿಕೆಯಾಯಿತು. ಮೂವತ್ತು ವರ್ಷದ ಹಿಂದೆ, ಇದೇ ಉಪದೇಶಿಯ ಮೊದಲ ವರ್ಷ, ಅದೇ ಬೋರ್ಡಿನಿಂದ ನಾನೂ ಕಾಗದ ಇಳಿಸಿಕೊಂಡಿದ್ದೆ. ಅದರಲ್ಲಿ "ಏಕೆಂದರೆ" ಆದಮೇಲೆ ಏನಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.