ಪರದೆಯ ಹಿಂದಿನ ಗುರುಮಲ್ಲಪ್ಪ ಮೇಷ್ಟ್ರು

ಹೆಡತಲೆ ಊರಿನ ನಾಟಕದಲ್ಲಿ ಹಿಂಪರದೆ ಕಳಚಿ ಬಿದ್ದು, ಅದರ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದ ಗುರುಮಲ್ಲಪ್ಪ ಮೇಷ್ಟ್ರು ಅಂಗವಸ್ತ್ರವನ್ನೇ ಸೆರಗು ಮಾಡಿಕೊಂಡು ದ್ರೌಪದಿಯಂತೆ ಅಳುತ್ತಿದ್ದದ್ದು ಊರಿಗೆಲ್ಲ ಕಂಡಿತು. ಜನ 'ಒನ್ಸ್ ಮೋರ್' ಎಂದು ಕೂಗಿದರು. ಮೇಷ್ಟ್ರ ಪದ್ಧತಿಯೇ ಹಾಗೆ. ಎತ್ತಿನ ಹಿಂದೆ ನಡೆಯುವವರನ್ನು ಮೂರು ತಿಂಗಳು ತಾಲೀಮು ಮಾಡಿಸಿ ಸಿಂಹಾಸನಕ್ಕೆ ಎತ್ತಿ, "ಲೇ ಭೀಮ, ಅದು ಗದೆ, ಗುದ್ದಲಿ ಅಲ್ಲ ಕಣ್ಲಾ!" ಎಂದು ಗದರಿ, ನಾಟಕದ ದಿನ ಮಾತ್ರ ಪರದೆಯ ಹಿಂದೆ ಸೇರಿಬಿಡುವರು. ಇಪ್ಪತ್ತು ವರ್ಷದಲ್ಲಿ ತಾವೇ ಕಲಿಸಿದ ಒಂದು ನಾಟಕವನ್ನೂ ಮುಂದೆ ಕೂತು ನೋಡಿದವರಲ್ಲ. ಮುಂದಿನ ವರ್ಷವೂ ಅವರನ್ನೇ ಕರೆಸುವುದು ದುರ್ಯೋಧನನಾಗಿದ್ದ ಪಟೇಲ ಬೆಟ್ಟಸ್ವಾಮಿಯವರ ಕೈಯಲ್ಲಿತ್ತು. ಆಟ ಮುಗಿದದ್ದೇ ಪಟೇಲರು ಬಣ್ಣ ಕೂಡ ಒರೆಸದೆ ಬಂದು, "ಎಂಗಿತ್ತು ಮೇಷ್ಟ್ರೇ, ನನ್ ಪಾರ್ಟು?" ಎಂದರು. ಮೇಷ್ಟ್ರು ಕೈಮುಗಿದರು: "ನಾ ಕಂಡಿದ್ದು ನಿಮ್ ಬೆನ್ನು ಪಟೇಲ್ರೇ. ಸೊಗಸಾಗಿ ನಡುಗ್ತು."