ಫಟಫಟಿಗೊಂದು ಗೂಟ

ಆ ಫಟಫಟಿಯ ಬಣ್ಣ ಕಪ್ಪು ಎಂದು ಬರೆಯಲು ಹೊರಟಿದ್ದೆ. ಹೆಂಡತಿ ಕಡುಹಸಿರು ಎನ್ನುತ್ತಾಳೆ. ಎಂಬತ್ತರ ದಶಕದ ಆಳಂದದ ಧೂಳು ಕೂತ ಮೇಲೆ ಎರಡೂ ಒಂದೇ ಥರ ಕಂಡಾವು, ಬಿಡೋಣ.

ನಾನು ದನದ ಡಾಕ್ಟರು. ಮನೆ ಆಳಂದದಲ್ಲಿ, ತಿರುಗಾಟ ಅಫಜಲಪುರದವರೆಗೆ. ಮೊದಲಿದ್ದ ಮೊಪೆಡ್ಡು ಎರೆಮಣ್ಣಿನಲ್ಲಿ ಕೂತುಬಿಡುತ್ತಿತ್ತು. ದೊಡ್ಡ ಮೋಟರ್ ಸೈಕಲ್ ಬಿದ್ದರೆ ಎತ್ತಲು ಇಬ್ಬರು ಬೇಕು. ಇದು ನಡುವಿನದು. ಸೀಟು ತಗ್ಗು, ಕೂತಲ್ಲಿಂದಲೇ ಕಾಲು ನೆಲಕ್ಕೆ ಸಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಏನು ಮಾಡಿದರೂ ಮಾಡಿಸಿಕೊಳ್ಳುತ್ತಿತ್ತು. ಹ್ಯಾಂಡಲ್ ಎತ್ತರಿಸಿ ನನ್ನ ಕಡೆಗೆ ಬಗ್ಗಿಸಿದ್ದೆ. ಹಿಂದಿನ ಸೀಟು ಕಳಚಿ ಔಷಧದ ಪೆಟ್ಟಿಗೆ ಕೂರಿಸಿದ್ದೆ. ರವಿವಾರ ನಾಲ್ಕು ಬೋಲ್ಟು ಬಿಚ್ಚಿದರೆ ಪೆಟ್ಟಿಗೆ ಹೋಗಿ ಸೀಟು ಬರುತ್ತಿತ್ತು.

ಆ ಸೀಟಿನ ಮೇಲೆ ಹೆಂಡತಿ ಕೂರಬೇಕು, ಇಬ್ಬರೂ ಅವಳ ತವರು ಯಡ್ರಾಮಿಗೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ನನಗಿದ್ದ ಆಸೆ ಅದೊಂದೇ. ಅವಳು ಒಪ್ಪಲಿಲ್ಲ.

“ಹಾದ್ಯಾಗ ಊರೂರಿಗೆ ಹಿರ್ಯಾರು ಕಟ್ಟಿ ಮ್ಯಾಲ ಕುಂತಿರ್ತಾರ. ಒಂದು ಕೈಲೆ ತಲಿ ಮ್ಯಾಲಿನ ಸೆರಗು ಹಿಡೀಬೇಕು. ಇನ್ನೊಂದು ಕೈಲೆ ಎಲ್ಲಾರ ಮುಂದ ನಿಮ್ಮ ಹೆಗಲ ಹಿಡೀಲೇನ್ರಿ? ನಾ ಬಸ್ಸಿಗೇ ಬರ್ತೇನಿ.”

“ಹೆಗಲ ಬ್ಯಾಡ. ಬ್ಯಾರೆ ಏನರ ಹಿಡಿ.”

“ಬ್ಯಾರೆ ಏನೈತ್ರಿ ಅದಕ್ಕ? ಬಾಲ ಐತೇನು?”

ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ವೆಲ್ಡರ್ ಇದ್ದ. ಅಲ್ಲಿಯವರೆಗೆ ಎತ್ತಿನ ಬಂಡಿಗಳ ಕೆಲಸವನ್ನೇ ಮಾಡಿದವನು. ಹಿಂದೆ ಹಿಡಿಯಲು ಏನಾದರೂ ಕೂಡಿಸು ಎಂದಷ್ಟೇ ಹೇಳಿ ಗಾಡಿ ಬಿಟ್ಟುಬಂದೆ. ಸಂಜೆ ಹೋದರೆ, ಮೇವು ಹೇರುವ ಬಂಡಿಗೆ ನಿಲ್ಲಿಸಿದಂತೆ, ಸೀಟಿನ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಗೂಟ.

“ಇದೇನಪಾ?”

“ಎಷ್ಟರ ಹೇರ್ರಿ ಸಾಹೇಬ್ರ, ಒಂದು ಕಡ್ಡಿ ಬೀಳಂಗಿಲ್ಲ.”

“ಹೇರಾಕಲ್ಲೋ, ನನ್ನ ಹೆಂಡ್ತಿ ಕೂಡಾಕ!”

ಅವನು ಸ್ವಲ್ಪ ಯೋಚಿಸಿದ. “ಹಂಗಾದ್ರ ಹಗ್ಗಾನೂ ಕೊಡ್ತೇನಿ, ತಗೋರಿ.”

ಮನೆಯ ಮುಂದೆ ಗಾಡಿ ನಿಂತಾಗ ಹೆಂಡತಿ ನಕ್ಕು ನಕ್ಕು ಹೊಸ್ತಿಲ ಬಳಿಯೇ ಕೂತುಬಿಟ್ಟಳು. ಆಮೇಲೆ ಎದ್ದು ಬಂದು ಸೀಟಿನ ಮೇಲೆ ಎಡಮಗ್ಗುಲಿಗೆ ಕಾಲು ಇಳಿಬಿಟ್ಟು ಕೂತಳು. ಎಡಗೈಗೆ ಸಿಕ್ಕ ಹಿಂದಿನ ಗೂಟ ಅಲುಗಾಡಿಸಿ ನೋಡಿದಳು.

“ಇದೊಂದು ಇರ್ಲಿ. ಉಳಿದ ಮೂರೂ ತಗಸ್ರಿ.”

ಆ ರವಿವಾರವೇ ಹೊರಟೆವು. ಮರು ರವಿವಾರವೂ ಇರಬಹುದು. ಬಲಗೈಯಲ್ಲಿ ಸೆರಗು, ಎಡಗೈಯಲ್ಲಿ ಗೂಟ. ಒಂದು ಊರಿನ ಕಟ್ಟೆಯಿಂದ ಮುದುಕನೊಬ್ಬ, “ಏ ತಮ್ಮಾ, ಎತ್ತು ಎಲ್ಲಿ ಬಿಟ್ಟಿಯೋ?” ಎಂದು ಕೂಗಿದ. ಅವಳು ಸೆರಗಿನೊಳಗೇ ನಕ್ಕಿದ್ದು ನನ್ನ ಬೆನ್ನಿಗೆ ಗೊತ್ತಾಯಿತು.

ಜೇವರ್ಗಿ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ. ಊರಿಲ್ಲ, ಕಟ್ಟೆಯಿಲ್ಲ. ಸೆರಗು ಹಿಡಿದಿದ್ದ ಕೈ ನನ್ನ ಹೆಗಲ ಮೇಲೆ ಬಂತು. ಯಡ್ರಾಮಿ ಕಾಣುವವರೆಗೂ ಅಲ್ಲೇ ಇತ್ತು.

ಈಗ ಕೇಳಿದರೆ, “ಇಲ್ರಿ, ಊರ ಬರೂತನಕ ಗೂಟಾನೇ ಹಿಡದಿದ್ದೆ,” ಎನ್ನುತ್ತಾಳೆ.

ಎಡಗೈ ಗೂಟದ ಮೇಲಿತ್ತು, ಒಪ್ಪಿದೆ. ನಾನು ಕೇಳುತ್ತಿರುವುದು ಬಲಗೈಯ ಸುದ್ದಿ.